ಗುಳಿಗೆ ಮತ್ತು ಖಜಾಂಚಿ: ಡೊಂಬಿವಲಿಯ ಒಂದು ಪ್ರಕರಣ

ಡೊಂಬಿವಲಿ ಪೂರ್ವದಲ್ಲಿ ಕನ್ನಡ, ತುಳು ಮಾತನಾಡುವ 22 ಕುಟುಂಬಗಳ ಒಂದು ಭಿಶಿ ಇದೆ. ತಿಂಗಳಿಗೆ ಮನೆಗೆ 5,000 ರೂಪಾಯಿ. ಕೂಡಿದ ಮೊತ್ತ ಸರದಿಯಂತೆ ಒಬ್ಬೊಬ್ಬರಿಗೆ. ಇದರ ಜೊತೆಗೆ, ಆಸ್ಪತ್ರೆ ಸೇರಿದವರಿಗೆ, ಸಾವಿನ ಸುದ್ದಿ ಕೇಳಿ ರಾತ್ರೋರಾತ್ರಿ ಊರಿಗೆ ಹೊರಡುವವರಿಗೆ ಕೊಡಲೆಂದು ಒಂದು ಮೀಸಲು ನಿಧಿ. 2024ರ ಕೊನೆಯಲ್ಲಿ ಆ ನಿಧಿಯಿಂದ 3,60,000 ರೂಪಾಯಿ ಕಾಣೆಯಾಗಿರುವುದು ಗೊತ್ತಾಯಿತು. ತೆಗೆದವರು ಖಜಾಂಚಿ. ಕೇಳಿದ ಕೂಡಲೇ ಒಪ್ಪಿಕೊಂಡರು. ಹಣವೆಲ್ಲ ಮೊಬೈಲಿನಲ್ಲಿ ಆಡುವ ರಮ್ಮಿಗೆ ಹೋಗಿತ್ತು.

ಖಜಾಂಚಿಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಅದಕ್ಕಾಗಿ ಅವರು ನುಂಗುತ್ತಿದ್ದ ಗುಳಿಗೆಗಳಲ್ಲಿ ಒಂದು, ಕೆಲವರಲ್ಲಿ ಜೂಜಿನ ಗೀಳನ್ನು ಹುಟ್ಟಿಸುವಂಥದ್ದು. ಹಾಗಾಗಿ ಹಣ ತೆಗೆದವರು ಯಾರೆಂಬ ಪ್ರಶ್ನೆ ಒಂದೇ ದಿನದಲ್ಲಿ ಮುಗಿದರೂ, ಆ ಕೆಲಸ ಎಷ್ಟರ ಮಟ್ಟಿಗೆ ಅವರದು ಎಂಬ ಪ್ರಶ್ನೆ ತಿಂಗಳುಗಟ್ಟಲೆ ನಮ್ಮನ್ನು ಕಾಡಿತು. ತೀರ್ಮಾನ ಹೇಳಲು ಭಿಶಿಯವರು ಮೂವರನ್ನು ಕೂರಿಸಿದರು: ಒಬ್ಬ ವಕೀಲರು, ನಿವೃತ್ತ ಶಿಕ್ಷಕಿಯೊಬ್ಬರು, ಮತ್ತು ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳಿಕೊಟ್ಟವನೆಂಬ ಕಾರಣಕ್ಕೆ ನಾನು. ಇಚ್ಛಾಸ್ವಾತಂತ್ರ್ಯವನ್ನು, ನಡೆಯುವುದೆಲ್ಲ ಹಿಂದಿನ ಕಾರಣಗಳಿಂದಲೇ ನಿಶ್ಚಿತ ಎನ್ನುವ ನಿಯತಿವಾದವನ್ನು ತರಗತಿಯಲ್ಲಿ ಬಿಡಿಸುವಾಗ ಯಾರ ಮಾನವೂ ಪಣಕ್ಕಿರುವುದಿಲ್ಲ. ಇಲ್ಲಿ ಇತ್ತು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಲೆಕ್ಕದ ಪುಸ್ತಕ

ಖಜಾಂಚಿ ಕುಂದಾಪುರದ ಕಡೆಯವರು. ಹದಿಹರೆಯದಲ್ಲೇ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಮೆಟ್ರಿಕ್ ಮುಗಿಸಿದ ತಲೆಮಾರಿನವರು. ಆಮೇಲೆ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದರು. ಭಿಶಿಯ ಮೂವತ್ತು ವರ್ಷಗಳ ಲೆಕ್ಕ ಅವರ ಕೈಬರಹದಲ್ಲೇ ಇದೆ. ಸಭೆಯ ಚಹಾಕ್ಕೆ ಆದ ಖರ್ಚು ಕೂಡ ಅದರಲ್ಲಿ ನಮೂದಾಗಿದೆ. ದೀಪಾವಳಿಯ ರಾತ್ರಿ ಕಟ್ಟಡದ ಹುಡುಗರು ತಾರಸಿಯ ಮೇಲೆ ದುಡ್ಡಿಟ್ಟು ಇಸ್ಪೀಟು ಆಡಲು ಕುಳಿತರೆ ಎದ್ದು ಹೋಗುತ್ತಿದ್ದರು.

ಪಾರ್ಕಿನ್ಸನ್ ಬಂದ ಹಲವರ ಅಕ್ಷರ ಸಣ್ಣದಾಗುತ್ತ ಹೋಗುತ್ತದೆ. ಪುಸ್ತಕ ತಿರುವಿದರೆ 2021ರ ಪುಟಗಳಲ್ಲಿ ಅದು ಎಲ್ಲಿ ಆರಂಭವಾಯಿತೆಂದು ಬೆರಳಿಟ್ಟು ತೋರಿಸಬಹುದು. 2022ರ ಕೊನೆಯ ಹೊತ್ತಿಗೆ ಅಂಕಿಗಳು ಒಂದರ ಮೇಲೊಂದು ಹತ್ತಿಕೊಂಡಿವೆ. ಆ ಬಳಿಕ ವೈದ್ಯರು ಪ್ರಮಿಪೆಕ್ಸೋಲ್ ಎಂಬ ಗುಳಿಗೆ ಆರಂಭಿಸಿದರು, ಕೆಲವು ತಿಂಗಳ ನಂತರ ಪ್ರಮಾಣ ಹೆಚ್ಚಿಸಿದರು. ಅಕ್ಷರ ಮತ್ತೆ ಬಿಡಿಬಿಡಿಯಾಗಿ ಕಾಣತೊಡಗಿತು. ಸುಳ್ಳು ಲೆಕ್ಕ ಬರೆದಿರುವುದೂ ಈ ಸುಧಾರಿಸಿದ ಅಕ್ಷರದಲ್ಲೇ. ಮೊದಲು ತಮ್ಮ ಉಳಿತಾಯ ಕಳೆದರು, ಆಮೇಲೆ ನಿಧಿಗೆ ಕೈಹಾಕಿದರು, ಯಾರಿಗೋ ಕೊಟ್ಟ ಸಾಲವೆಂದು ತೋರಿಸಿದರು.

ಈ ಪುಟಗಳನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕೈಯನ್ನು ಹಿಂದಿರುಗಿಸಿದ ಮದ್ದು ಮತ್ತು ಕೈಯನ್ನು ಕೆಡಿಸಿದ ಮದ್ದು ಒಂದೇ.

ಗುಳಿಗೆ ಮಾಡಿದ್ದೇನು

ಮಿದುಳಿನ ನಡುಭಾಗದಲ್ಲಿ ಡೋಪಮೈನ್ ತಯಾರಿಸುವ ಕೋಶಗಳು ಸಾಯುವುದರಿಂದ ಪಾರ್ಕಿನ್ಸನ್ ಬರುತ್ತದೆ. ಡೋಪಮೈನ್ ಅಂಗಾಂಗಗಳ ಚಲನೆಗೆ ಬೇಕು. ಜೊತೆಗೆ, ಏನಾದರೂ ಸಿಕ್ಕೀತೆಂಬ ನಿರೀಕ್ಷೆಗೆ, ಬಯಕೆಗೆ, ಪ್ರತಿಫಲದಿಂದ ಕಲಿಯುವುದಕ್ಕೂ ಅದೇ ಬೇಕು. ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧಗಳು ಡೋಪಮೈನಿನ ಜಾಗದಲ್ಲಿ ತಾವೇ ಕುಳಿತು ಕೆಲಸ ಮಾಡುತ್ತವೆ. ಅವು ಹೆಚ್ಚಾಗಿ ಹಿಡಿಯುವ ಡಿ3 ಎಂಬ ಗ್ರಾಹಕಗಳು (ಕೋಶದ ಮೇಲೆ ಡೋಪಮೈನ್ ಬಂದು ಕೂರುವ ತಾಣಗಳು) ಬಯಕೆಯ ಭಾಗದಲ್ಲಿ ದಟ್ಟವಾಗಿವೆ. ಕಾಯಿಲೆ ಚಲನೆಯ ಭಾಗವನ್ನು ಮೊದಲು ಬರಿದು ಮಾಡುತ್ತದೆ, ಬಯಕೆಯ ಭಾಗ ಬಹುಕಾಲ ಸುಮಾರಾಗಿ ಗಟ್ಟಿಯಾಗಿಯೇ ಇರುತ್ತದೆ. ಕೈಗೆ ಸಾಕಾಗುವಷ್ಟು ಮದ್ದು ಅಲ್ಲಿ ಅತಿಯಾಗುತ್ತದೆ ಎಂಬುದು ತಜ್ಞರು ಕೊಡುವ ಪ್ರಮುಖ ವಿವರಣೆ.

ಅಮೆರಿಕ ಮತ್ತು ಕೆನಡಾದ 3,090 ಪಾರ್ಕಿನ್ಸನ್ ರೋಗಿಗಳ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಜೂಜು, ವಿಪರೀತ ಖರೀದಿ, ಅತಿಯಾದ ತಿನ್ನುವಿಕೆ, ಲೈಂಗಿಕ ಗೀಳು, ಇವುಗಳಲ್ಲಿ ಒಂದಾದರೂ ಇದ್ದವರು ಒಟ್ಟು ಶೇ. 13.6. ಈ ಬಗೆಯ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ. 17.1, ತೆಗೆದುಕೊಳ್ಳದವರಲ್ಲಿ ಶೇ. 6.9.

ಸಭೆಯಲ್ಲಿ ಒಬ್ಬರು ಈ ಅಂಕಿಯನ್ನೇ ಹಿಡಿದು, “ಹಾಗಾದರೆ ಮದ್ದು ನುಂಗಿದ ನೂರರಲ್ಲಿ 83 ಜನ ತಡೆದುಕೊಂಡರಲ್ಲ, ಇವರೇಕೆ ತಡೆದುಕೊಳ್ಳಲಿಲ್ಲ?” ಎಂದರು. ಹಲವರು ತಲೆದೂಗಿದರು. ಆದರೆ ಆ 83 ಜನ ತಡೆದುಕೊಂಡರೆಂದು ಅಂಕಿ ಹೇಳುವುದಿಲ್ಲ. ಅವರಲ್ಲಿ ಬಹುಪಾಲು ಜನಕ್ಕೆ ಆ ಸೆಳೆತವೇ ಬಂದಿರಲಾರದು. ಸೆಳೆತ ಬಾರದವನ ಸಂಯಮವನ್ನು ಸೆಳೆತ ಬಂದವನ ಮುಂದೆ ಮಾದರಿಯಾಗಿ ಇಡುವುದು ಅನ್ಯಾಯ.

ವಿಷಯ ತಿಳಿದ ವೈದ್ಯರು ಗುಳಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿದರು. ಥಟ್ಟನೆ ನಿಲ್ಲಿಸಿದರೆ ಬೇರೆ ತೊಂದರೆಗಳು ಕಾಡುತ್ತವೆ. ಕೆಲವು ವಾರಗಳಲ್ಲಿ ಆಟದ ಹಂಬಲ ಇಳಿಯಿತು. ಕೈನಡುಕ ಸ್ವಲ್ಪ ಮರಳಿತು.

ಸಭೆಯ ಮಾತು

ಮಗನ ವಾದ ಸ್ಪಷ್ಟವಾಗಿತ್ತು. “ಅಪ್ಪ ಮಾಡಿದ್ದಲ್ಲ, ಔಷಧ ಮಾಡಿದ್ದು. ಹಣ ನಾನು ಕಟ್ಟುತ್ತೇನೆ, ಅಪ್ಪನ ಮೇಲೆ ಒಂದು ಮಾತೂ ಬರಬಾರದು.” ನಾವು ನಿರ್ಧರಿಸುವ ಮೊದಲೇ ಮಿದುಳು ಹೊರಟಿರುತ್ತದೆ ಎಂದು ತೋರಿಸಲು, ನರವಿಜ್ಞಾನಿ ಬೆಂಜಮಿನ್ ಲಿಬೆಟ್ ನಡೆಸಿದ ಪ್ರಯೋಗವನ್ನೂ ಆತ ಓದಿಕೊಂಡು ಬಂದಿದ್ದ. 1983ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ, ಮಣಿಕಟ್ಟು ಆಡಿಸುವ ಮೊದಲು ಮಿದುಳಿನ ಸಿದ್ಧತೆ ಸುಮಾರು ಅರ್ಧ ಸೆಕೆಂಡು ಮುಂಚೆಯೇ ಕಾಣಿಸಿಕೊಂಡಿತು; ‘ಈಗ ಆಡಿಸಬೇಕು’ ಎಂಬ ಅರಿವು ಬಂದದ್ದು ಸುಮಾರು 0.2 ಸೆಕೆಂಡು ಮುಂಚೆ. ಸಿದ್ಧತೆಯಂತೆ ಕಂಡ ಆ ಸಂಕೇತ ತೀರ್ಮಾನವೇ ಅಲ್ಲ, ಮಿದುಳಿನ ಸಹಜ ಏರಿಳಿತಗಳು ಕೂಡಿ ಹಾಗೆ ಕಾಣಿಸಬಹುದು ಎಂಬ ವಿವರಣೆ 2012ರಲ್ಲಿ ಬಂತು. ಅದು ಹೇಗಾದರೂ ಇರಲಿ, ತಿಂಗಳುಗಟ್ಟಲೆ ಲೆಕ್ಕ ತಿದ್ದಿದ ಮನುಷ್ಯನ ವಿಚಾರಕ್ಕೆ ಅರ್ಧ ಸೆಕೆಂಡಿನ ಮಣಿಕಟ್ಟು ಏನನ್ನೂ ಹೇಳುವುದಿಲ್ಲವೆಂದು ಅದನ್ನು ಪಕ್ಕಕ್ಕಿಟ್ಟೆವು.

ವಕೀಲರು ಕಾನೂನು ಹೇಳಿದರು. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, ಅಂದರೆ ಹಳೆಯ ದಂಡ ಸಂಹಿತೆಯ 84ನೇ ಕಲಂ, ಚಿತ್ತಸ್ವಾಸ್ಥ್ಯ ಇಲ್ಲದವನಿಗೆ ವಿನಾಯಿತಿ ಕೊಡುತ್ತದೆ. ಆದರೆ ತಾನು ಮಾಡುತ್ತಿರುವುದು ಏನು, ಅದು ತಪ್ಪೇ ಎಂದು ತಿಳಿಯುವ ಶಕ್ತಿಯೇ ಆ ಹೊತ್ತಿಗೆ ಇಲ್ಲವಾಗಿರಬೇಕು. ಇಂಗ್ಲೆಂಡಿನಲ್ಲಿ 1843ರಲ್ಲಿ ರೂಪುಗೊಂಡ ಮ್ಯಾಕ್‌ನಾಟನ್ ನಿಯಮಗಳ ಜಾಡು ಅದು. ತನಗೆ ತಿಳಿಯದೆ ಅಥವಾ ಇಚ್ಛೆಗೆ ವಿರುದ್ಧವಾಗಿ ಅಮಲೇರಿಸಲ್ಪಟ್ಟವನ ಬಗೆಗಿನ 23ನೇ ಕಲಮಿಗೂ ಅದೇ ಅಳತೆಗೋಲು. ಖಜಾಂಚಿಗೆ ಎಲ್ಲವೂ ತಿಳಿದಿತ್ತು. ಮುಚ್ಚಿಟ್ಟದ್ದೇ ಅದಕ್ಕೆ ಸಾಕ್ಷಿ. ಕಾನೂನು ‘ಗೊತ್ತಿತ್ತೇ?’ ಎಂದು ಕೇಳುತ್ತದೆ, ‘ತಡೆಯಲು ಆಗುತ್ತಿತ್ತೇ?’ ಎಂದು ಕೇಳುವುದಿಲ್ಲ. ಭಿಶಿ ನೋಂದಣಿಯಿಲ್ಲದ್ದು ಬೇರೆ. ಠಾಣೆಯ ಮೆಟ್ಟಿಲು ಹತ್ತಲು ಯಾರಿಗೂ ಮನಸ್ಸಿರಲಿಲ್ಲ.

ಭಜನಾ ಮಂಡಳಿಯ ಹಿರಿಯರೊಬ್ಬರು, “ಎಲ್ಲ ಅವನು ಆಡಿಸಿದಂತೆ, ನಾವು ಯಾರು ಕೇಳಲು?” ಎಂದರು. ಅವರು ಒಪ್ಪುವ ಮಧ್ವಮತದಲ್ಲೇ ಮಾತು ಅಷ್ಟಕ್ಕೆ ನಿಲ್ಲುವುದಿಲ್ಲ ಎಂದು ನಾನು ವಿನಯದಿಂದಲೇ ಹೇಳಿದೆ. ಅಲ್ಲಿ ಜೀವ ಅಸ್ವತಂತ್ರ, ಆದರೂ ಕರ್ತೃ. ಬ್ರಹ್ಮಸೂತ್ರದ ‘ಕರ್ತಾ ಶಾಸ್ತ್ರಾರ್ಥವತ್ತ್ವಾತ್’ ಎಂಬುದರ ಆಶಯ, ಜೀವನಿಗೆ ಕರ್ತೃತ್ವವೇ ಇಲ್ಲದಿದ್ದರೆ ‘ಇದನ್ನು ಮಾಡು, ಇದನ್ನು ಬಿಡು’ ಎನ್ನುವ ಶಾಸ್ತ್ರ ಯಾರಿಗೆ ಹೇಳಿದ್ದು ಎಂಬುದೇ. ಕೆಲವೇ ಸೂತ್ರಗಳ ಮುಂದೆ, ಆ ಕರ್ತೃತ್ವ ಬಂದದ್ದು ಪರಮಾತ್ಮನಿಂದ ಎಂಬ ಮಾತೂ ಇದೆ. ಪರಾಧೀನತೆ, ಕರ್ತೃತ್ವ ಎರಡನ್ನೂ ಒಟ್ಟಿಗೆ ಹಿಡಿಯುವ ಆ ಹಟ ನನಗೆ ಇಷ್ಟ. ಗೀತೆಯ ಮೂರನೆಯ ಅಧ್ಯಾಯದಲ್ಲಿ ಅರ್ಜುನ ಕೇಳುವುದೂ, ಬೇಡವೆಂದುಕೊಂಡರೂ ಬಲವಂತಕ್ಕೆ ಒಳಗಾದವನಂತೆ ಮನುಷ್ಯ ಪಾಪ ಮಾಡುವುದೇಕೆ ಎಂದೇ. ಹಿರಿಯರು ಸ್ವಲ್ಪ ಯೋಚಿಸಿ, “ಹಾಗಾದರೆ ಕೇಳೋಣ” ಎಂದರು.

ಮಗನ ವಾದಕ್ಕೆ ನನ್ನ ಉತ್ತರ ಇದು. ಕಾರಣವಿದ್ದದ್ದೆಲ್ಲ ನಮ್ಮದಲ್ಲ ಎಂದು ಒಮ್ಮೆ ಒಪ್ಪಿದರೆ, ಅದು ಗುಳಿಗೆಯ ಬಳಿ ನಿಲ್ಲುವುದಿಲ್ಲ. ಜಗತ್ತಿನ ಈ ಕ್ಷಣದ ಸ್ಥಿತಿಯನ್ನು ಪೂರ್ತಿ ಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಭವಿಷ್ಯವೂ ಕಣ್ಣೆದುರೇ ಇರುತ್ತದೆ ಎಂದು 1814ರಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಬರೆದ. ಆ ಬುದ್ಧಿಯ ಮುಂದೆ ಖಜಾಂಚಿಯ ಮೂವತ್ತು ವರ್ಷಗಳ ಪ್ರಾಮಾಣಿಕತೆಗೂ ಕಾರಣಗಳಿವೆ: ಬಡತನ, ತಾಯಿಯ ಬೆದರಿಕೆ, ಗಲ್ಲೆಯ ಹಣ ಎಣಿಸಿ ಒಪ್ಪಿಸುವುದನ್ನು ಕಲಿಸಿದ ಹೋಟೆಲ್ ಮಾಲೀಕರು, ಸಹಜ ಪ್ರಮಾಣದ ಡೋಪಮೈನ್. ಗುಳಿಗೆಯ ಕಾಲದ ಕಳವು ಅವರದಲ್ಲವೆಂದರೆ ಆ ಪ್ರಾಮಾಣಿಕತೆಯೂ ಅವರದಲ್ಲ. ಮಗ ಅದನ್ನು ಒಪ್ಪಲು ಸಿದ್ಧನಿರಲಿಲ್ಲ. ಗುಳಿಗೆಗೆ ಮುಂಚಿನ ಅಪ್ಪ, ಗುಳಿಗೆಯ ಕಾಲದ ಅಪ್ಪ ಬೇರೆಯೆಂದು ಆತನೂ ನಾವೂ ಕಾಣುತ್ತೇವೆ. ಆ ವ್ಯತ್ಯಾಸ ನಿಜ. ಆದರೆ ಎರಡು ಕಾಲಕ್ಕೂ ಕಾರಣಗಳಿದ್ದವು. ಆದ್ದರಿಂದ ‘ಕಾರಣವಿತ್ತು’ ಎಂಬುದು ಆ ವ್ಯತ್ಯಾಸವನ್ನು ವಿವರಿಸಲಾರದು. ಕಾರಣ ಯಾವ ದಾರಿಯಿಂದ ಬಂತು ಎಂಬುದನ್ನು ನೋಡಬೇಕು.

ದಾರಿಯನ್ನು ಹುಡುಕುವಾಗ ತತ್ತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1971ರಲ್ಲಿ ಕೊಟ್ಟ ಪರೀಕ್ಷೆ ಮೊದಲು ನೆನಪಾಗುತ್ತದೆ. ಚಟಕ್ಕೆ ಬಿದ್ದವರಲ್ಲಿ ಒಬ್ಬನಿಗೆ ಆ ಬಯಕೆಯೇ ಬೇಡವಾಗಿರುತ್ತದೆ, ಆದರೂ ಅದು ಎಳೆಯುತ್ತದೆ. ಇನ್ನೊಬ್ಬ ಅದನ್ನು ಮನಸಾರೆ ಒಪ್ಪಿರುತ್ತಾನೆ. ಬಯಕೆಯ ಮೇಲಿನ ಬಯಕೆ ಏನು ಹೇಳುತ್ತದೆ ಎಂಬುದರ ಮೇಲೆ ಇಚ್ಛೆಯ ಸ್ವಾತಂತ್ರ್ಯ ನಿಂತಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಖಜಾಂಚಿಯವರನ್ನು, ಆಡುವಾಗ ಒಳಗೆ ಬೇಡವೆನಿಸುತ್ತಿತ್ತೇ ಎಂದು ಕೇಳಿದೆ. “ಇಲ್ಲ. ಯಾರೋ ದೂಡಿದ ಹಾಗೆ ಇರಲಿಲ್ಲ. ಗೆದ್ದು ನಿಧಿಯನ್ನು ದುಪ್ಪಟ್ಟು ಮಾಡುತ್ತೇನೆ, ಎಲ್ಲರೂ ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಬಹಳ ಖುಷಿಯಾಗಿದ್ದೆ.”

ಈ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಫ್ರಾಂಕ್‌ಫರ್ಟ್‌ನ ಪರೀಕ್ಷೆಯ ಪ್ರಕಾರ ಅವರು ಆ ಹೊತ್ತಿಗೆ ಮನಸಾರೆ ಒಪ್ಪಿದವರೇ. ಹಾಗೆಂದು ತೀರ್ಮಾನಿಸುವುದು ಮಾತ್ರ ನನ್ನಿಂದಾಗಲಿಲ್ಲ. ಬಯಕೆಗೆ ಒಪ್ಪಿಗೆಯ ಮುದ್ರೆ ಒತ್ತುವ ಮನಸ್ಸನ್ನೂ ಗುಳಿಗೆ ಮುಟ್ಟಿತ್ತು. ಆ ಒಂದು ಗಳಿಗೆಯ ಮನಸ್ಸನ್ನು ಮಾತ್ರ ಸೀಳಿ ನೋಡಿದರೆ ಏನೂ ಸಿಗುವುದಿಲ್ಲ; ಆ ಬಯಕೆ ಅವರ ಬಾಳಿನೊಳಗೆ ಹೇಗೆ ಬಂತೆಂಬ ಚರಿತ್ರೆಯನ್ನೂ ಸೇರಿಸಿಕೊಳ್ಳಬೇಕು. ತತ್ತ್ವಜ್ಞಾನಿಗಳಾದ ಜಾನ್ ಮಾರ್ಟಿನ್ ಫಿಶರ್ ಮತ್ತು ಮಾರ್ಕ್ ರವಿಝಾ 1998ರ ಪುಸ್ತಕದಲ್ಲಿ ವಾದಿಸುವುದು ಹೀಗೆ: ಕೃತ್ಯ ಹೊರಬರುವ ಒಳಗಿನ ವ್ಯವಸ್ಥೆ ‘ಏಕೆ ಮಾಡಬೇಕು, ಏಕೆ ಬಿಡಬೇಕು’ ಎಂಬ ಕಾರಣಗಳಿಗೆ ಓಗೊಡುವಂಥದ್ದಾಗಿರಬೇಕು, ಅದು ಆ ಮನುಷ್ಯನದೇ ಆಗಿರಬೇಕು. ಪ್ರಾಮಾಣಿಕತೆಯನ್ನು ಖಜಾಂಚಿ ದಶಕಗಳ ಕಾಲ ಪರೀಕ್ಷಿಸಿ, ಕಷ್ಟಕಾಲದಲ್ಲಿ ಉಳಿಸಿಕೊಂಡು ತಮ್ಮದಾಗಿಸಿಕೊಂಡಿದ್ದರು. ರಮ್ಮಿಯ ಹಂಬಲ ಅವರ ವಿಚಾರದ ಮೂಲಕ ಹಾಯದೆ, ಪಕ್ಕದಿಂದ ಸುತ್ತಿ ಬಂದದ್ದು.

ಆದರೂ ಪೂರ್ತಿ ಖುಲಾಸೆ ಸಾಧ್ಯವಿರಲಿಲ್ಲ. ಹೆಂಡತಿ ಹತ್ತಿರವಿದ್ದರೆ ಅವರು ಆಡುತ್ತಿರಲಿಲ್ಲ, ಮಗನ ಫೋನ್ ಬಂದರೆ ನಿಲ್ಲಿಸುತ್ತಿದ್ದರು. ಅಂದರೆ ಕೆಲವು ಕಾರಣಗಳಿಗೆ ಓಗೊಡುವ ಶಕ್ತಿ ಉಳಿದಿತ್ತು. ಇನ್ನೂ ಮುಖ್ಯವಾದದ್ದು, ಆರಂಭದ ದಿನಗಳಲ್ಲಿ ಒಮ್ಮೆ ‘ಇದೇನು, ನಾನು ಹೀಗಿರಲಿಲ್ಲವಲ್ಲ’ ಎನಿಸಿತ್ತಂತೆ. ವೈದ್ಯರ ಬಳಿ ಹೋದಾಗ ನಾಚಿಕೆಯಿಂದ ಹೇಳಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ಪಾಲಿನ ತಪ್ಪು ಇರುವುದು ಅಲ್ಲಿ, ಬಾಯಿ ಬಿಡಬಹುದಾಗಿದ್ದಾಗ ಬಿಡದೇ ಇದ್ದದ್ದರಲ್ಲಿ. ಗುಳಿಗೆಯ ಈ ಅಡ್ಡಪರಿಣಾಮದ ಬಗ್ಗೆ ಅವರಿಗೆ ಕನ್ನಡದಲ್ಲೋ ಮರಾಠಿಯಲ್ಲೋ ಯಾರಾದರೂ ಎರಡು ಮಾತು ಹೇಳಿದ್ದರೆ ಆ ತಪ್ಪು ದೊಡ್ಡದಾಗುತ್ತಿತ್ತು. ಯಾರೂ ಹೇಳಿರಲಿಲ್ಲ, ಹಾಗಾಗಿ ಅದು ಚಿಕ್ಕದು.

ಮಟ್ಕಾ ಆಡಿದವನ ಅಣ್ಣ

ಇಷ್ಟರವರೆಗೆ ಮಾತಾಡದೆ ಕುಳಿತಿದ್ದ ಒಬ್ಬ ಸದಸ್ಯರು ಆಗ ಎದ್ದರು. ಹಲವು ವರ್ಷಗಳ ಹಿಂದೆ ಅವರ ತಮ್ಮನೂ ಇದೇ ಭಿಶಿಯಲ್ಲಿದ್ದ. ಬಾರೊಂದರಲ್ಲಿ ವೇಟರ್ ಆಗಿದ್ದವನು. 1960ರ ದಶಕದಿಂದ ಮುಂಬೈಯ ಗಿರಣಿ ಕಾರ್ಮಿಕರ, ಹೋಟೆಲ್ ಹುಡುಗರ ಸಂಬಳ ನುಂಗುತ್ತ ಬಂದ ಮಟ್ಕಾಕ್ಕೆ ಬಿದ್ದು, ಸರದಿಯ ಹಣ ಎತ್ತಿ 40,000 ರೂಪಾಯಿ ಬಾಕಿ ಉಳಿಸಿದ. ಒಂದೇ ಸಭೆಯಲ್ಲಿ ಅವನ ಹೆಸರು ಹೊಡೆದು ಹಾಕಲಾಯಿತು. ಅವನು ಕಾರ್ಕಳದ ಕಡೆಗೆ ಊರಿಗೆ ಹೊರಟುಹೋದ.

“ಅವನಿಗೆ ಮದ್ದಿನ ಚೀಟಿ ಇರಲಿಲ್ಲ,” ಎಂದರು ಅಣ್ಣ. “ಹನ್ನೊಂದನೆಯ ವರ್ಷಕ್ಕೆ ಹೋಟೆಲಿಗೆ ಬಂದ. ಮಲಗುತ್ತಿದ್ದದ್ದು ಮೇಜಿನ ಮೇಲೆ. ಮಟ್ಕಾದ ಚೀಟಿ ಬರೆಯುವವನು ಅದೇ ಹೋಟೆಲಿನ ಬಾಗಿಲಲ್ಲಿ ಕೂರುತ್ತಿದ್ದ. ಖಜಾಂಚಿ ಮಾವನ ಕಾರಣಕ್ಕೆ ಹೆಸರಿದೆ, ಅದಕ್ಕೆ ಕ್ಷಮೆ. ಅವನ ಕಾರಣಕ್ಕೆ ಹೆಸರಿಲ್ಲ, ಅದಕ್ಕೆ ಕಳ್ಳ. ನೀವು ಓದಿದ ಶಾಸ್ತ್ರ ಇದಕ್ಕೆ ಏನು ಹೇಳುತ್ತದೆ?”

ನನ್ನ ಇಡೀ ವಾದವನ್ನು ಬುಡದಿಂದ ಅಲುಗಿಸಿದ ಪ್ರಶ್ನೆ ಅದು. ತತ್ತ್ವಜ್ಞಾನಿ ಗೇಲನ್ ಸ್ಟ್ರಾಸನ್ 1994ರಲ್ಲಿ ಇದೇ ಪೆಟ್ಟನ್ನು ತರ್ಕದ ರೂಪದಲ್ಲಿ ಕೊಟ್ಟಿದ್ದಾರೆ. ನಾವು ಮಾಡುವುದು ನಾವು ಎಂಥವರು ಎಂಬುದರಿಂದ ಬರುತ್ತದೆ. ಮಾಡಿದ್ದಕ್ಕೆ ಕಟ್ಟಕಡೆಯ ಹೊಣೆ ನಮ್ಮದಾಗಬೇಕಾದರೆ, ನಾವು ಎಂಥವರಾಗಿದ್ದೇವೋ ಅದಕ್ಕೂ ನಾವೇ ಹೊಣೆಯಾಗಿರಬೇಕು. ಅದಕ್ಕೆ ಅದರ ಹಿಂದಿನದಕ್ಕೂ ಹೊಣೆಯಾಗಿರಬೇಕು. ಹೀಗೆ ಹಿಂದೆ ಹೋದರೆ ತೊಟ್ಟಿಲು ಸಿಗುತ್ತದೆ, ಅಲ್ಲಿ ಆಯ್ಕೆ ಎಂಬುದಿಲ್ಲ. ಈ ತರ್ಕವನ್ನು ಮುರಿಯುವ ದಾರಿ ನನಗೆ ಕಂಡಿಲ್ಲ. ನಿಯತಿವಾದ ಸುಳ್ಳಾದರೂ ಅದು ಮುರಿಯುವುದಿಲ್ಲ. ಕಾರಣದ ಜಾಗದಲ್ಲಿ ಆಕಸ್ಮಿಕ ಬಂದು ಕುಳಿತರೆ ಆ ಆಕಸ್ಮಿಕವನ್ನೂ ನಾವು ಆರಿಸಿಕೊಂಡಿರುವುದಿಲ್ಲ.

ಅದು ನಿಜವಾಗಿ ಕೆಡವುವುದು ಕಟ್ಟಕಡೆಯ ಹೊಣೆಯನ್ನು, ‘ನರಳಲಿ, ಅದೇ ಅವನಿಗೆ ತಕ್ಕದ್ದು’ ಎನ್ನುವ ಮನಸ್ಸನ್ನು. ಬಾಕಿ ತೀರಿಸುವ ಹೊಣೆ, ಇನ್ನು ಮುಂದೆ ಏನು ಮಾಡುತ್ತೀ ಎಂಬ ಪ್ರಶ್ನೆಗೆ ಉತ್ತರಿಸುವ ಹೊಣೆ ಹಾಗೆಯೇ ಉಳಿಯುತ್ತವೆ. ಮಟ್ಕಾದ ಚಟ ಆ ಹುಡುಗನೊಳಗೆ ಮೆಲ್ಲಗೆ, ಅವನ ದಿನದಿನದ ಆಯ್ಕೆಗಳ ಜೊತೆ ಹೆಣೆದುಕೊಂಡೇ ಬೆಳೆಯಿತು. ಗುಳಿಗೆಯ ಹಾಗೆ ಹೊರಗಿನಿಂದ ಇಳಿಯಲಿಲ್ಲ. ಆದ್ದರಿಂದ ಇಬ್ಬರ ನಡುವೆ ವ್ಯತ್ಯಾಸವಿದೆ ಎಂದೇ ನಾನು ಈಗಲೂ ನಂಬುತ್ತೇನೆ. ಆದರೆ ಒಬ್ಬನಿಗೆ ತಿಂಗಳುಗಟ್ಟಲೆ ವಿಚಾರಣೆ, ಇನ್ನೊಬ್ಬನಿಗೆ ಒಂದೇ ಸಂಜೆ ಎನ್ನುವಷ್ಟು ದೊಡ್ಡ ವ್ಯತ್ಯಾಸ ಅದಲ್ಲ. ಎತ್ತಿ ತೋರಿಸಬಲ್ಲ ಕಾರಣ ಕಂಡಾಗ ಮಾತ್ರ ನಮ್ಮ ಮನಸ್ಸು ಕರಗುತ್ತದೆ. ಅದು ನಮ್ಮ ತಿಳಿವಳಿಕೆಯ ಕೊರತೆ. ಅದನ್ನು ಎದುರಿಗೆ ನಿಂತವನ ಅಪರಾಧವಾಗಿ ತಿರುಗಿಸಬಾರದು.

ಖಜಾಂಚಿ ಹೇಳಿದ್ದು

ಮಗ ಮತ್ತೆ ಮತ್ತೆ ‘ಅಪ್ಪನ ಮೆದುಳು’, ‘ಅಪ್ಪನ ಡೋಸ್’ ಎಂದು ಅಪ್ಪನ ಎದುರೇ ಹೇಳುತ್ತಿದ್ದ. ಪ್ರೀತಿಯಿಂದಲೇ ಹೇಳುತ್ತಿದ್ದ. ಕೊನೆಗೆ ಖಜಾಂಚಿ ಬಾಯಿ ತೆರೆದರು. “ಮಗಾ, ನನ್ನ ಮೇಲೆ ಸಿಟ್ಟು ಮಾಡು. ನೀನು ಕಾಯಿಲೆಯ ಜೊತೆ ಮಾತಾಡುತ್ತಿದ್ದೀ, ನನ್ನ ಜೊತೆ ಅಲ್ಲ. ಸಣ್ಣವನಿದ್ದಾಗ ನೀನು ಹತ್ತು ರೂಪಾಯಿ ತೆಗೆದದ್ದಕ್ಕೆ ನಾನು ಬೈದಿರಲಿಲ್ಲವೇ?”

ಶಿಕ್ಷಕಿಯಕ್ಕ ಕಣ್ಣೊರೆಸಿಕೊಂಡರು. ಗೇಲನ್‌ನ ತಂದೆ ಪೀಟರ್ ಸ್ಟ್ರಾಸನ್ 1962ರ ಪ್ರಬಂಧದಲ್ಲಿ ಹೇಳಿದ್ದು ಇದನ್ನೇ. ಸಿಟ್ಟು, ಕೃತಜ್ಞತೆ, ಕ್ಷಮೆ, ಇವು ಮನುಷ್ಯರ ನಡುವಿನ ಸಂಬಂಧದ ಹೂರಣ. ಒಬ್ಬರನ್ನು ಚಿಕಿತ್ಸೆಗೆ, ನಿರ್ವಹಣೆಗೆ ಒಳಪಟ್ಟ ವಸ್ತುವಾಗಿ ನೋಡುವ ದೃಷ್ಟಿ ಕೆಲವೊಮ್ಮೆ ಬೇಕು, ಆದರೆ ಅದರಲ್ಲೇ ನೆಲೆಸಿದರೆ ಆ ಮನುಷ್ಯ ನಮ್ಮ ನಡುವಿನಿಂದ ಹೊರಗಾಗುತ್ತಾನೆ. ಮಗನ ದಯೆ ಅಪ್ಪನನ್ನು ಹೊರಗೆ ನಿಲ್ಲಿಸುತ್ತಿತ್ತು. ನಿಯತಿವಾದವನ್ನು ಸಂಪೂರ್ಣ ಒಪ್ಪುವವರು, ಬೈಗುಳವಿಲ್ಲದ ಲೋಕ ಹೆಚ್ಚು ಕರುಣೆಯದ್ದು ಎನ್ನುತ್ತಾರೆ. ಆ ಕರುಣೆಯನ್ನು ಬೇಡವೆಂದ ಮನುಷ್ಯನನ್ನು ಕಣ್ಣಾರೆ ಕಂಡ ಮೇಲೆ ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗುತ್ತಿಲ್ಲ.

ತೀರ್ಮಾನ

ಹಣ ಪೂರ್ತಿ ಹಿಂದಿರುಗಬೇಕು. ಅರ್ಧವನ್ನು ಮಗ ಕೂಡಲೇ ಕಟ್ಟಿದ. ಉಳಿದರ್ಧವನ್ನು ತಮ್ಮ ನಿವೃತ್ತಿ ವೇತನದಿಂದ ತಿಂಗಳು ತಿಂಗಳು ತಾವೇ ಕಟ್ಟುತ್ತೇವೆಂದು ಖಜಾಂಚಿ ಹಟ ಹಿಡಿದರು; ಒಪ್ಪಿದೆವು. ಲೆಕ್ಕ ಈಗ ಇಬ್ಬರ ಸಹಿಯಿಲ್ಲದೆ ನಡೆಯುವುದಿಲ್ಲ. ಅವರ ಹೆಸರು ಪಟ್ಟಿಯಲ್ಲಿ ಉಳಿಯಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರ 2025ರ ಆಗಸ್ಟಿನಲ್ಲಿ ಕಾಯ್ದೆ ತಂದು ನಿಷೇಧಿಸಿತು. ಗುಳಿಗೆಗೂ ಬೆರಳಿಗೂ ನಡುವೆ ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಒಂದು ಅಂಗಡಿಯೂ ಇತ್ತೆಂಬುದನ್ನು ನಮ್ಮ ಸಭೆ ಆಗ ಸಾಕಷ್ಟು ಮಾತಾಡಿರಲಿಲ್ಲ.

ಮಟ್ಕಾ ಆಡಿದವನ ವಿಷಯದಲ್ಲಿ ಮೂವರೂ ಒಂದಾಗಲಿಲ್ಲ. ಹಳೆಯ ನಿರ್ಣಯವನ್ನು ಮತ್ತೆ ತೆರೆಯಬೇಕು, ಬಾಕಿ ಮನ್ನಾ ಮಾಡಬೇಕು ಎಂದು ಶಿಕ್ಷಕಿಯೂ ನಾನೂ ಹೇಳಿದೆವು. ಹಾಗೆ ಮಾಡಿದರೆ ಮುಂದೆ ಪ್ರತಿಯೊಬ್ಬರೂ ಒಂದೊಂದು ಕಾರಣ ತರುತ್ತಾರೆ ಎಂದು ವಕೀಲರು ವಿರೋಧಿಸಿದರು. ಮನ್ನಾ ಬೇಡವೆಂದು ಅಣ್ಣನೇ ಹೇಳಿದರು. 40,000ವನ್ನು ತಾವು ಕಟ್ಟುತ್ತಾರಂತೆ, ತಮ್ಮನ ಮಾತನ್ನು ಕೇಳದೆಯೇ ಹೆಸರು ಹೊಡೆಯಲಾಗಿತ್ತು ಎಂದು ಪುಸ್ತಕದಲ್ಲಿ ಬರೆಯಬೇಕಂತೆ. ಆ ಸಾಲನ್ನು ಬರೆಯಲು ಭಿಶಿ ಒಪ್ಪಿದೆ. ವಕೀಲರು ಅದರ ಕೆಳಗೆ ತಮ್ಮ ಭಿನ್ನಾಭಿಪ್ರಾಯವನ್ನೂ ದಾಖಲಿಸಿದ್ದಾರೆ.